ಬಾಗಿಲ ಹಿಂದಿನ ಏಳು ದಿನ

ಉದ್ಯೋಗ ವಿನಿಮಯ ಕಚೇರಿಯ ಮೂರನೇ ಕೌಂಟರಿನಲ್ಲಿ ಕೂರುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಾಲಿನಲ್ಲಿ ನಿಲ್ಲುವವರಿಗೆಲ್ಲ ಅವಳು ಸೀಲಕ್ಕ. ಕೆಲಸ ಬೇಕಾದವರು ಇಲ್ಲಿ ಹೆಸರು ಬರೆಸಿ ಕಾರ್ಡು ಪಡೆಯಬೇಕು, ಮೂರು ವರ್ಷಕ್ಕೊಮ್ಮೆ ಗೊತ್ತಾದ ತಿಂಗಳಿನೊಳಗೆ ಬಂದು ಆ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡರೆ ಹಿರಿತನ ಉಳಿಯುತ್ತದೆ, ಎಂದಾದರೊಂದು ದಿನ ಹಿರಿತನದ ಮೇಲೆ ಕರೆ ಬರುತ್ತದೆ. ಒಂದು ದಿನ ತಡವಾದರೂ ಅಷ್ಟು ವರ್ಷ ಕಾದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮತ್ತೆ ಹೊಸಬರ ಹಿಂದೆ ನಿಲ್ಲಬೇಕು.

ತಡವಾಗಿ ಬಂದವರ ಮುಖಕ್ಕೆ ಈ ಮಾತನ್ನು ಹೇಳುವುದು ಸೀಲಕ್ಕನ ಕೆಲಸ. ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ‘ನಿನ್ನೆ ಅಂದ್ರೆ ನಿನ್ನೆ’ ಎನ್ನುವಳು. ಅತ್ತರೂ ಕರಗುತ್ತಿರಲಿಲ್ಲ, ಬೈದರೂ ಕೆರಳುತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಅವಳಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಅವಳೂ ಕೇಳಿಸಿಕೊಂಡು ಮುಂದಿನವರನ್ನು ಕರೆಯುತ್ತಿದ್ದಳು.

ಇಷ್ಟು ಜೋರು ಮಾಡುವವಳ ಸ್ವಂತ ಕೆಲಸವಾದರೂ ಗಟ್ಟಿಯೇ? ಅದೂ ಇಲ್ಲ. ಹನ್ನೊಂದು ತಿಂಗಳ ಗುತ್ತಿಗೆ, ಒಂದು ದಿನ ಬಿಡುವು, ಮತ್ತೆ ಹನ್ನೊಂದು ತಿಂಗಳು. ಹೀಗೆ ಹನ್ನೊಂದು ವರ್ಷದ ಮೇಲಾಗಿತ್ತು. ಊರಿಗೆಲ್ಲ ಕಾರ್ಡು ಬರೆದುಕೊಡುವ ಅವಳ ಹೆಸರಲ್ಲೂ ಒಂದು ಕಾರ್ಡು ಇತ್ತು, ಹನ್ನೆರಡು ವರ್ಷದ್ದು. ಅವಳ ಮೇಜಿನ ಡ್ರಾಯರಿನಲ್ಲಿ ಸೀಲಿನ ಪಕ್ಕದಲ್ಲೇ ಮಲಗಿರುತ್ತಿತ್ತು.

ಅವತ್ತು ಸಾಹೇಬರು ಕರೆದು ಒಂದು ಪತ್ರ ಕೊಟ್ಟರು. ಇದೇ ಕಚೇರಿಯಲ್ಲಿ ಒಂದು ಕಾಯಂ ಗುಮಾಸ್ತರ ಹುದ್ದೆ ಮಂಜೂರಾಗಿದೆ. ಟೈಪಿಂಗ್ ಪಾಸಾದವರಲ್ಲಿ, ನಲವತ್ತು ದಾಟದವರಲ್ಲಿ, ಎಲ್ಲರಿಗಿಂತ ಹಿರಿತನ ಇರುವವರೊಬ್ಬರ ಹೆಸರು ಕಳಿಸಬೇಕು. ಸೀಲಕ್ಕನಿಗೆ ಮುಂದಿನ ತಿಂಗಳು ನಲವತ್ತು ತುಂಬುತ್ತದೆ. ಅವಳು ಓಡಿಹೋಗಿ ರಿಜಿಸ್ಟರು ತಿರುವಿದಳು. ಹಳಬರಲ್ಲಿ ಕೆಲವರಿಗೆ ಕೆಲಸ ಸಿಕ್ಕಿದೆ, ಕೆಲವರಿಗೆ ವಯಸ್ಸು ಮೀರಿದೆ. ಉಳಿದವರಲ್ಲಿ ಅವಳೇ ಮೊದಲು. ಡ್ರಾಯರು ತೆಗೆದು ತನ್ನ ಕಾರ್ಡು ನೋಡಿದಳು. ಸೀಲು ಬೀಳಬೇಕಾದ ತಿಂಗಳು ಮುಗಿದು ಹದಿನೆಂಟು ದಿನವಾಗಿತ್ತು.

ಆ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಸೀಲಕ್ಕ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ, ಹಗಲು ಕೌಂಟರಿನಲ್ಲಿ. ಆ ತಿಂಗಳೂ ಎಷ್ಟೋ ಜನರ ಕಾರ್ಡಿಗೆ ಸೀಲು ಹಾಕಿದ್ದಾಳೆ, ತನ್ನದಕ್ಕೊಂದು ಬಿಟ್ಟು. ದೀಪದ ಬುಡದಲ್ಲಿ ಕತ್ತಲು ಅಂದರೆ ಇದೇ.

ಸೀಲಿನ ದಿನಾಂಕದ ಚಕ್ರ ಅವಳ ಹೆಬ್ಬೆರಳಿನ ಕೆಳಗೇ ಇತ್ತು. ಹದಿನೆಂಟು ದಿನ ಹಿಂದಕ್ಕೆ ತಿರುಗಿಸಿದಳು. ನೋಡಿದಳು. ಮತ್ತೆ ಮುಂದಕ್ಕೆ ತಿರುಗಿಸಿದಳು. ಧರ್ಮಕ್ಕೆ ಹೆದರಿದಳು ಎಂದು ನಾನು ಹೇಳಲಾರೆ, ಹೆದರಿದ್ದು ಆಡಿಟ್‌ನವರಿಗೆ.

ಆಮೇಲೆ ಹಳೇ ಸುತ್ತೋಲೆಗಳ ಕಟ್ಟನ್ನು ಬಿಚ್ಚಿ ಧೂಳು ಕುಡಿಯುತ್ತ ಕೂತಳು. ಎಲ್ಲಾದರೂ ಒಂದು ಸಂದು ಸಿಕ್ಕೀತೇ? ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಆಸ್ಪತ್ರೆಯ ಚೀಟಿ ಇದ್ದರೆ ಅರವತ್ತು ದಿನದವರೆಗಿನ ತಡವನ್ನು ಮನ್ನಾ ಮಾಡಬಹುದು, ಹಿರಿತನ ಮೊದಲ ದಿನಾಂಕದಿಂದಲೇ ಲೆಕ್ಕ. ಅವಳ ಕಣ್ಣಲ್ಲಿ ನೀರು ಬಂತು. ಮರುಕ್ಷಣ ಕೆಳಗಿನ ಮೂಲೆ ಕಂಡಿತು. ‘ನೋಡಿದೆ’ ಎಂದು ಬರೆದು ಸಹಿ ಮಾಡಿದ್ದವರು ಯಾರು? ಅವಳೇ, ಎಂಟು ವರ್ಷದ ಹಿಂದೆ. ಓದದೆ ಸಹಿ ಮಾಡಿದ್ದಳೋ, ಓದಿ ಮರೆತಿದ್ದಳೋ, ಈಗ ಯಾರನ್ನು ಕೇಳುವುದು? ಈ ಎಂಟು ವರ್ಷದಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ಬಂದ ಎಷ್ಟು ಜನರನ್ನು ‘ನಿನ್ನೆ ಅಂದ್ರೆ ನಿನ್ನೆ’ ಎಂದು ಅಟ್ಟಿದ್ದಳು! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಸಾಹೇಬರು ಸುತ್ತೋಲೆಯನ್ನು ಎರಡು ಸಲ ಓದಿದರು. “ನಿಮಗೊಬ್ಬರಿಗೇ ಮಾಡ್ಕೊಟ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ. ಇದನ್ನ ಏಳು ದಿನ ನೋಟಿಸ್ ಹಾಕಿ. ಹಳೇ ಕೇಸಿನವರೂ ಬರ್ಲಿ, ನಾವು ತಿರುಗಿಸಿ ಕಳಿಸಿದ ಮೇಲಿನ ವರ್ಷಗಳೂ ಅವರ ಲೆಕ್ಕಕ್ಕೆ ಸೇರ್ಲಿ. ಏಳನೇ ದಿನ ಐದು ಗಂಟೆ ಒಳಗೆ ಬಂದ ಅರ್ಜಿ ಎಲ್ಲಾ ಒಟ್ಟಿಗೆ ನೋಡ್ತೀನಿ.”

ನೋಟಿಸು ಹಾಕಿ ಎಂದರು, ಎಲ್ಲಿ ಎಂದು ಹೇಳಲಿಲ್ಲ. ಸೀಲಕ್ಕ ಅದನ್ನು ಸಣ್ಣ ಅಕ್ಷರದಲ್ಲಿ ಬರೆದು ಮುಂಬಾಗಿಲ ಹಿಂಬದಿಗೆ, ಬೀಗಕ್ಕಿಂತ ತುಸು ಮೇಲೆ ಅಂಟಿಸಿದಳು. ಬಾಗಿಲು ಪೂರ್ತಿ ತೆರೆದು ಗೋಡೆಗೆ ಒತ್ತಿದರೆ ನೋಟಿಸೂ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ತನ್ನ ಅರ್ಜಿಯನ್ನು ಅವತ್ತೇ ಕೊಟ್ಟಳು, ನಂಬರು ಒಂದು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಾಡು. ಗಾಳಿಗೆ ಬಾಗಿಲು ಒಂದು ಗೇಣು ಸರಿದರೆ ಎದ್ದು ಹೋಗಿ ಗೋಡೆಗೆ ದೂಡುವಳು. ಕೂರುವಳು, ಮತ್ತೆ ಏಳುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಯಾರು ಬಾಗಿಲ ಕಡೆ ನೋಡಿದರೂ ಇವಳಿಗೆ ದಿಗಿಲು. “ಸೆಕೆ ಅಲ್ವಾ, ಗಾಳಿ ಬರ್ಲಿ ಅಂತ” ಎಂದು ಯಾರೂ ಕೇಳದಿದ್ದರೂ ಹೇಳುವಳು. ಮೂರನೇ ದಿನಕ್ಕೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಮನೆಗೆ ಹೋದರೆ ಮಂಚದಿಂದ ಅಮ್ಮನ ಒಂದೇ ಪ್ರಶ್ನೆ, “ಕಾಯಂ ಆಯ್ತೇನೇ?”

“ಇನ್ನೂ ಇಲ್ಲಮ್ಮ” ಎಂದು ಸೀಲಕ್ಕ ಅಡುಗೆಮನೆಗೆ ನುಸುಳುವಳು.

ಏಳನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಮುಚ್ಚಲು ಹೋದರೆ ಬೀಗ ಕೂರಲೇ ಇಲ್ಲ. ವಾರವಿಡೀ ಹಿಡಿಕೆಯನ್ನು ಗೋಡೆಗೆ ಕುಟ್ಟಿ ಕುಟ್ಟಿ ಒಳಗಿನ ನಾಲಗೆ ಸೊಟ್ಟಗಾಗಿತ್ತು. ಐದಕ್ಕೆ ಬೀಗ ಹಾಕದೆ ಹೋಗುವ ಹಾಗಿಲ್ಲ. ಸಾಹೇಬರು ರಸ್ತೆಯ ತಿರುವಿನಲ್ಲಿ ಛತ್ರಿ ಬಿಚ್ಚಿಕೊಂಡು ಕೂರುವ ಬೀಗ ರಿಪೇರಿಯವನಿಗೆ ಹೇಳಿ ಕಳಿಸಿದರು. ಆ ತಿರುವು ಬಂದರೆ ಸೀಲಕ್ಕ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದಳು, ಆರು ವರ್ಷದಿಂದ. ಆರು ವರ್ಷದ ಹಿಂದೆ ಒಂಬತ್ತು ವರ್ಷದ ಹಿರಿತನ, ಟೈಪಿಂಗ್ ಪಾಸಾದ ಸರ್ಟಿಫಿಕೇಟು ಎಲ್ಲ ಇಟ್ಟುಕೊಂಡು ಒಂದೇ ಒಂದು ದಿನ ತಡವಾಗಿ ಅವಳ ಮುಂದೆ ನಿಂತಿದ್ದವನು ಅವನೇ.

ನಾಲ್ಕು ಗಂಟೆಗೆ ಅವನು ಬಂದ. ನಮಸ್ಕಾರ ಮಾಡಿ ಬಾಗಿಲು ಮುಚ್ಚಿಕೊಂಡು ಅದರ ಮುಂದೆ ಮಂಡಿಯೂರಿದ. ನೋಟಿಸು ಅವನ ಮೂಗಿನ ಮುಂದೆಯೇ ಇತ್ತು. ಅವನು ಬೀಗ ಬಿಚ್ಚಿದ, ನಾಲಗೆ ತೆಗೆದು ತಟ್ಟಿದ, ಎಣ್ಣೆ ಬಿಟ್ಟ. ಸೀಲಕ್ಕ ಸೀಲನ್ನು ತಲೆಕೆಳಗಾಗಿ ಒತ್ತುತ್ತಿದ್ದಳು.

“ಯಾರೋ ಈ ಬಾಗಿಲನ್ನ ಗೋಡೆಗೆ ಒತ್ತಿ ಒತ್ತಿ ಹಾಳು ಮಾಡಿದಾರೆ ಅಕ್ಕ. ಮೆಲ್ಲಗೆ ತೆಗೀರಿ ಅಂತ ಹೇಳಿ” ಎಂದ.

“ಹೇಳ್ತೀನಿ.”

ಬೀಗ ಕೂರಿಸಿ ಕೊನೆಯ ತಿರುಪು ಬಿಗಿಮಾಡುವಾಗ ಅವನ ಕೈ ನಿಂತಿತು. ತುಟಿ ಆಡಿಸುತ್ತ ಮೇಲಿಂದ ಕೆಳಗೆ ಓದಿದ. ಎದ್ದು ಕೌಂಟರಿಗೆ ಬಂದ, ಆರು ವರ್ಷದ ಹಿಂದೆ ನಿಂತಿದ್ದ ಜಾಗಕ್ಕೇ.

“ಅಕ್ಕ, ಅರವತ್ತು ದಿನ ಅಂತ ಬರ್ದಿದೆ. ಇದರಲ್ಲಿ ಒಂದು ದಿನಾನೂ ಬರುತ್ತಾ?”

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಅವಳ ನಾಲಿಗೆ ಅವಳನ್ನು ಕೇಳದೆಯೇ ಹೇಳಿತು, “ನಾಳೆ ಬನ್ನಿ.”

“ಆಗ್ಲಿ ಅಕ್ಕ, ನಾಳೆ ಬರ್ತೀನಿ” ಎಂದು ಅವನು ತಲೆಯಾಡಿಸಿ ಪೆಟ್ಟಿಗೆ ಎತ್ತಿಕೊಂಡ. ಒಂದು ಮರುಪ್ರಶ್ನೆ ಇಲ್ಲ. ಜಗಳ ಆಡಿದ್ದರೆ ಅವಳು ಗೆಲ್ಲುತ್ತಿದ್ದಳು, ಹನ್ನೊಂದು ವರ್ಷ ಗೆದ್ದವಳಿಗೆ ಅದೇನು ದೊಡ್ಡದಲ್ಲ. ಅವನು ನಂಬಿಬಿಟ್ಟ, ಅದೇ ಅವಳಿಗೆ ತಡೆಯಲಾಗಲಿಲ್ಲ.

“ನಿಲ್ರೀ!” ಎಂದಳು, ಇಡೀ ಸಾಲು ತಿರುಗಿ ನೋಡುವಷ್ಟು ಜೋರಾಗಿ. “ನಾಳೆ ಬಂದ್ರೆ ಮುಗೀತು. ಇವತ್ತೇ, ಐದರೊಳಗೆ. ಆಸ್ಪತ್ರೆ ಚೀಟಿ ಇದೆಯಾ?”

ಅವನು ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪರ್ಸಿನ ಒಳಜೇಬಿನಿಂದ ಮಡಚಿಟ್ಟಿದ್ದೊಂದನ್ನು ತೆಗೆದ. ಹಳೆಯ ಕಾರ್ಡು, ಅದರೊಳಗೆ ಹರಿಯಲು ಬಂದ ಹೆರಿಗೆ ವಾರ್ಡಿನ ಚೀಟಿ. “ಮಗಳು ಹುಟ್ಟಿದ ದಿನದ್ದು. ಅವತ್ತು ನಿಮಗೆ ತೋರ್ಸೋಣ ಅಂತಲೇ ತಂದಿದ್ದೆ. ನೀವು ನೋಡ್ಲಿಲ್ಲ.”

ಈ ಸಲ ಸೀಲಕ್ಕ ಆ ಚೀಟಿಯನ್ನು ಪೂರ್ತಿ ಓದಿದಳು. ಅವನ ಕೈಯ ಎಣ್ಣೆ ಕಾಗದಕ್ಕೆ ಹತ್ತಬಾರದೆಂದು ಅರ್ಜಿಯನ್ನು ಅವಳೇ ಬರೆದಳು. ವಯಸ್ಸು ಮೂವತ್ತೆಂಟು. ಹೆಸರು ಬರೆಸಿ ಹದಿನೈದು ವರ್ಷ. ತನ್ನದು ಹನ್ನೆರಡು. ಲೆಕ್ಕ ಒಂದನೇ ಕ್ಲಾಸಿನ ಮಗುವಿಗೂ ಬರುವಂಥದ್ದು. ಸಹಿ ಮಾಡಿಸಿ, ನಂಬರು ಎರಡು ಎಂದು ಬರೆದು, ಐದಕ್ಕೆ ನಾಲ್ಕು ನಿಮಿಷ ಇರುವಾಗ ಸೀಲು ಒತ್ತಿದಳು. ಅಳು ಬರುವಂತಾಗಿ ಸುಮ್ಮನೆ ಇಂಕಿನ ಪ್ಯಾಡು ಮುಚ್ಚಿ ತೆಗೆದು ಮಾಡಿದಳು.

“ಇದ್ರಿಂದ ಏನಾದ್ರೂ ಸಿಗುತ್ತಾ ಅಕ್ಕ?” ಅವನಿಗೆ ಹುದ್ದೆಯ ವಿಷಯವೇ ಗೊತ್ತಿರಲಿಲ್ಲ.

“ಮನೆಗೆ ಕಾಗದ ಬರುತ್ತೆ. ಬಂದ ದಿನವೇ ಹೊರಡಿ. ಮಗಳಿಗೆ ಜ್ವರ ಬಂದ್ರೂ ಸರಿ, ಹೆಂಡತಿಗೆ ಒಪ್ಸಿ ಬನ್ನಿ. ತಡ ಮಾಡಿದ್ರೆ ನಾನು ಸುಮ್ಮನಿರಲ್ಲ” ಎಂದು ಗದರಿದಳು.

ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳಿದಳು, “ಕಾಯಂ ಆಯ್ತೇನೇ?”

“ಆಗುತ್ತಮ್ಮ. ಬೀಗದವರಿಗೆ.”

“ಯಾರೇ ಅದು ಬೀಗದವರು? ಹಾಗಾದ್ರೆ ನಿನಗೆ?”

“ಹೇಳ್ತೀನಿ ಇರಮ್ಮ, ಮೊದಲು ಊಟ ಮಾಡೋಣ” ಎಂದು ಸೀಲಕ್ಕ ಎರಡು ತಟ್ಟೆ ಹಾಕಿದಳು. ಕಣ್ಣಿಂದ ನೀರು ಸುರಿಯುತ್ತಲೇ ಇತ್ತು, ಆದರೆ ನಾಲ್ಕು ದಿನದ ಮೇಲೆ ತುತ್ತು ಗಂಟಲಲ್ಲಿ ಇಳಿಯಿತು.