ವೈವಾಕ್ಕೆ ಹತ್ತು ದಿನ ಮೊದಲು ಬಿದ್ದ ಪ್ರಮೇಯ

೧೯೮೬ರಲ್ಲಿ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದೆ. ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದವಳು ಒಬ್ಬಳೇ, ಕುರುಗೋಡಿನ ದಾಕ್ಷಾಯಣಿ. ಸಿರುಗುಪ್ಪದ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ಶನಿವಾರ ಮಧ್ಯಾಹ್ನದ ಬಸ್ಸಿಗೆ ನನ್ನಲ್ಲಿಗೆ ಬರುತ್ತಿದ್ದಳು. ಐದು ವರ್ಷದ ದುಡಿಮೆ ಮುಗಿದಿತ್ತು. ಪ್ರಬಂಧ ಪರೀಕ್ಷಕರ ಕೈ ಸೇರಿ, ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಹತ್ತು ದಿನ ಉಳಿದಿತ್ತು. ನಮ್ಮ ಕಾಲೇಜಿನಲ್ಲಿ ಖಾಯಂ ಹುದ್ದೆಯೊಂದು ಖಾಲಿ ಇತ್ತು. ಡಾಕ್ಟರೇಟ್ ಬಂದರೆ ಅದು ಅವಳದೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಅವಳ ವಿಷಯ ಲೀ ಆಲ್ಜಿಬ್ರಾಯ್ಡ್‌ಗಳ ಇಂಟಿಗ್ರೇಶನ್. ಸರಳವಾಗಿ ಹೇಳುತ್ತೇನೆ. ಕುರುಗೋಡಿನಿಂದ ಬಳ್ಳಾರಿಗೆ ಒಂದು ಪ್ರಯಾಣ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಇನ್ನೊಂದು. ಮೊದಲನೆಯದು ಮುಗಿದಲ್ಲೇ ಎರಡನೆಯದು ಶುರುವಾಗುವುದರಿಂದ ಎರಡನ್ನೂ ಕೂಡಿಸಬಹುದು. ಹೀಗೆ ಕೂಡಿಸಬಲ್ಲ ಪ್ರಯಾಣಗಳ ವ್ಯವಸ್ಥೆ ಗ್ರೂಪಾಯ್ಡ್. ಪ್ರತಿ ಬಿಂದುವಿನಲ್ಲಿ ಇಡಬಹುದಾದ ಅತಿ ಸಣ್ಣ ಹೆಜ್ಜೆಗಳ ಲೆಕ್ಕ ಆಲ್ಜಿಬ್ರಾಯ್ಡ್. ಆ ಹೆಜ್ಜೆಗಳಿಂದ ಪೂರ್ತಿ ಪ್ರಯಾಣಗಳನ್ನು ಕಟ್ಟುವುದೇ ಇಂಟಿಗ್ರೇಶನ್. ಯಾವಾಗಲೂ ಹಾಗೆ ಕಟ್ಟಬಹುದು ಎಂಬ ಪ್ರಮೇಯ ಅರವತ್ತರ ದಶಕದಲ್ಲೇ ಪ್ರಕಟವಾಗಿತ್ತು. ಅದರ ಪೂರ್ಣ ಸಾಧನೆ, ಅಂದರೆ ಪ್ರೂಫ್, ಮಾತ್ರ ಅಚ್ಚಾಗಿರಲಿಲ್ಲ.

ಆ ಸೋಮವಾರ ಮುಂಬಯಿಯ ಗೆಳೆಯನಿಂದ ಅಂಚೆಯಲ್ಲಿ ಒಂದು ಜೆರಾಕ್ಸ್ ಬಂತು, ಫ್ರೆಂಚಿನ ಪುಟ್ಟ ಲೇಖನ. ಡಿಕ್ಷನರಿ ಹಿಡಿದು ಎರಡು ಸಲ ಓದಿದೆ. ಕಟ್ಟಲಾಗದ ಒಂದು ಆಲ್ಜಿಬ್ರಾಯ್ಡನ್ನು ಅದರ ಲೇಖಕರು ತೋರಿಸಿಬಿಟ್ಟಿದ್ದರು. ಹತ್ತಿರ ಹತ್ತಿರದಲ್ಲಿ ಎಲ್ಲ ಕೂಡಿಕೊಳ್ಳುತ್ತದೆ. ಇಡಿಯಾಗಿ ಹೆಣೆಯಲು ಹೋದರೆ ಕೂಡುವುದಿಲ್ಲ. ಪ್ರಮೇಯ ಸುಳ್ಳಾಗಿತ್ತು. ದಾಕ್ಷಾಯಣಿಯ ನಾಲ್ಕನೆಯ ಅಧ್ಯಾಯ ನಿಂತಿದ್ದೇ ಅದರ ಮೇಲೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಪರೀಕ್ಷಕರು ಇದನ್ನು ನೋಡಿರಲಿಕ್ಕಿಲ್ಲ, ವೈವಾ ಮುಗಿಯಲಿ ಎಂದು ಮನಸ್ಸು ಪಿಸುಗುಟ್ಟುತ್ತಿತ್ತು. ಹಿಂದೊಮ್ಮೆ ಅವಳು ಆ ಪ್ರಮೇಯವನ್ನು ತೋರಿಸಿ, “ಇದರ ಪ್ರೂಫ್ ಎಲ್ಲಿ ಐತ್ರಿ ಸರ್?” ಎಂದು ಕೇಳಿದ್ದಳು. “ದೊಡ್ಡವರು ಹೇಳ್ಯಾರ, ನೀನು ಮುಂದ ನಡಿಯಮ್ಮ” ಎಂದು ಬಾಯಿ ಮುಚ್ಚಿಸಿದವನು ನಾನೇ.

ಗುರುವಾರ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ. ಸ್ಟಾಫ್ ರೂಮಿನಲ್ಲಿ ಲೇಖನವನ್ನು ಅವಳ ಮುಂದಿಟ್ಟು ವಿವರಿಸಿದೆ. ಅವಳು ಅಳಲಿಲ್ಲ. ಪ್ರಬಂಧದ ತನ್ನ ಪ್ರತಿ ತೆಗೆದು, ಆ ಪ್ರಮೇಯ ಬಂದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತ ಹೋದಳು. ನಾಲ್ಕನೆಯ ಅಧ್ಯಾಯ ಹೋಯಿತು, ಅದನ್ನು ನೆಚ್ಚಿದ ಐದನೆಯದೂ ಹೋಯಿತು. ಮೂರನೆಯದರಲ್ಲಿ ಆ ಪ್ರಮೇಯವನ್ನು ಬಳಸದೆ ಗ್ರೂಪಾಯ್ಡನ್ನು ತಾನೇ ಕಟ್ಟಿದ್ದಳು, ಅದು ಉಳಿಯಿತು.

“ಸುಮ್ನಿದ್ರ ನಡೀತೈತೇನೋ. ನಿರ್ಧಾರ ನಿಂದು,” ಎಂದೆ. ಹಾಗೆಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

“ಗೊತ್ತಾದ ಮ್ಯಾಲೆ ಹೆಂಗ್ರಿ ಸರ್ ಸುಮ್ನಿರೋದು? ವಾಪಸ್ ತಗೊಳ್ಳೋಣ್ರಿ.”

ಮರುದಿನವೇ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆವು. ತಪ್ಪು ಮಾರ್ಗದರ್ಶಕನದು ಎಂದು ನಾನು ಸೇರಿಸಿದೆ. ಖಾಯಂ ಹುದ್ದೆ ಬೇರೆಯವರ ಪಾಲಾಯಿತು. ಯಾವ ಹೆಚ್ಚಿನ ಷರತ್ತು ಇದ್ದರೆ ಕಟ್ಟಬಹುದು ಎಂದು ಆಲ್ಜಿಬ್ರಾಯ್ಡ್‌ಗಳ ಒಂದು ವಿಶೇಷ ಬಗೆಯ ಮಟ್ಟಿಗೆ ತೋರಿಸಿ, ಆ ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆಯಲು ಅವಳಿಗೆ ಒಂದೂವರೆ ವರ್ಷ ಬೇಕಾಯಿತು.

ಎರಡನೆಯ ಸಲ ಸಲ್ಲಿಸಿದ ಪ್ರಬಂಧದ ವೈವಾ ಸುಸೂತ್ರವಾಗಿ ಮುಗಿಯಿತು. ಆಮೇಲೆ ಪರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು, “ಮೊದಲನೆಯದಕ್ಕೂ ನಾನು ಪದವಿ ಕೊಡಬಹುದೆಂದೇ ಬರೆದಿದ್ದೆ. ಆ ಪ್ರಮೇಯ ಸುಳ್ಳೆಂದು ನನಗೆ ಗೊತ್ತೇ ಆಗಿರಲಿಲ್ಲ,” ಎಂದರು. ಅದನ್ನು ಹೋಗಿ ಅವಳಿಗೆ ಹೇಳಿದೆ.

“ಹಂಗಾದ್ರ ಇನ್ನೂ ಹೆದರಿಕಿ ಆಗ್ತೈತ್ರಿ ಸರ್. ಆ ಪುಸ್ತಕ ನನ್ನ ಹೆಸರಿನ್ಯಾಗ ಲೈಬ್ರರಿಯೊಳಗ ಕುಂತಿರ್ತಿತ್ತು, ಯಾರೋ ಪಾಪ ನಂಬ್ತಿದ್ರು.”

ನಾನು ನಿವೃತ್ತನಾಗುವವರೆಗೂ ಪ್ರತಿ ಹೊಸ ತರಗತಿಯಲ್ಲಿ ಮೊದಲ ದಿನವೇ ಒಂದು ಪಟ್ಟಿ ಓದುತ್ತಿದ್ದೆ. ನಾನು ಕಲಿಸಲಿದ್ದ, ಆದರೆ ಸಾಧನೆಯನ್ನು ಸ್ವತಃ ಓದಿರದ ಪ್ರಮೇಯಗಳು ಅದರಲ್ಲಿದ್ದವು. ಕೆಲವು ವಿದ್ಯಾರ್ಥಿಗಳು ನಗುತ್ತಿದ್ದರು. ಪಟ್ಟಿ ವರ್ಷ ವರ್ಷಕ್ಕೆ ಸಣ್ಣದಾಯಿತು, ಖಾಲಿಯಂತೂ ಆಗಲಿಲ್ಲ.