ನೀಲಕಂಠಪ್ಪನ ಬಿಜಾಗರಿ

ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಆ ಶೆಡ್ಡು ಈಗಿಲ್ಲ. ಆ ಕಡೆ ಹೋದಾಗಲೆಲ್ಲ ಫಿಟ್ಟರ್ ನೀಲಕಂಠಪ್ಪ ನೆನಪಾಗುತ್ತಾನೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಕೆಲಗೇರಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ. ನಾನು ಪ್ಯಾಕಿಂಗ್ ಗುಡ್ಡಪ್ಪ, ಹನ್ನೆರಡು ವರ್ಷ ಅವನ ಕಾಲೆಳೆದವನು.

೨೦೦೩ರಲ್ಲಿ ನಮಗೊಂದು ಉಪಗ್ರಹದ ಕೆಲಸ ಬಂತು. ಅದರ ಆಂಟೆನಾ ಮನೆಯ ಅಂಗಳದಷ್ಟು ದೊಡ್ಡದು. ರಾಕೆಟ್ಟಿನಲ್ಲಿ ಹಿಡಿಸದು, ಮಡಚಿಯೇ ಕಳಿಸಬೇಕು. ಮೇಲೆ ಹೋದ ಮೇಲೆ ತಾನಾಗಿ ಬಿಚ್ಚಿಕೊಳ್ಳಬೇಕು. ಬಿಚ್ಚುವ ಸ್ಪ್ರಿಂಗ್ ಬಿಜಾಗರಿಗಳನ್ನು, ಅಂದರೆ ಕೀಲುಗಳನ್ನು, ಮಾಡುವುದು ನೀಲಕಂಠಪ್ಪನ ಪಾಲಿಗೆ ಬಂತು. ಬೇಕಾಗಿದ್ದು ಏಳು. ಒಂದು ಹೆಚ್ಚಿಗಿರಲಿ ಎಂದು ಎಂಟು ಮಾಡಿದ. ನಾಲ್ಕು ತಿಂಗಳು ಅವನಿಗೆ ಬೇರೆ ಮಾತೇ ಇರಲಿಲ್ಲ.

ಬನ್ನಿ ಹಬ್ಬದ ಮರುದಿನ ಏಳನ್ನೂ ಪೆಟ್ಟಿಗೆಗೆ ಹಾಕಿ, ಮೊಳೆ ಹೊಡೆದು, ಸೀಲು ಹಾಕಿದ್ದೆ. ಜೀಪು ಬಾಗಿಲಿಗೆ ಬಂದಿತ್ತು. ನೀಲಕಂಠಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಬಿಚ್ಚಪಾ ಇದನ್ನ. ಮೊನ್ನೆ ಖಂಡೇಪೂಜಿ ದಿನ ಮಷೀನ್ ಜೋಡಿ ಇದರಾಗಿನ ಒಂದಕ್ಕೂ ವಿಭೂತಿ ಹಚ್ಚೇನಿ."

"ಒರಸಿಲ್ಲೇನು?"

"ಒರಸೇನಿ. ಬಿಜಾಗರಿ ಸಂದ್ಯಾಗ ಪುಡಿ ಉಳಿದಿದ್ರ? ಮ್ಯಾಲ ಹೋಗಿ ಸಿಕ್ಕೊಂಡ್ರ ಯಾರು ಏಣಿ ಹಚ್ಚಿ ಹತ್ತತಾರ?"

ನನಗೆ ಸಿಟ್ಟು ನೆತ್ತಿಗೇರಿತು. "ಬಾಯಿ ಮುಚ್ಕೊಂಡು ಕೂಡು. ಯಾರಿಗೂ ಗೊತ್ತಾಗೂದಿಲ್ಲ. ಮಾಲಕರ ಕಿವಿಗೆ ಬಿದ್ರ ನಿನ್ನ ಕೆಲಸಾ ಹೋಗತೈತಿ," ಅಂದೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಅವನು ಸೀದಾ ಮಾಲೀಕ ಮಹಾದೇವಪ್ಪನವರ ಮುಂದೆ ಹೋಗಿ ನಿಂತ. "ತಪ್ಪಾಗೇತ್ರಿ."

"ಮಷೀನಿಗೆ ಪೂಜಿ ಮಾಡು ಅಂದ್ರ ಕಳಸೂ ಮಾಲಿಗೂ ಮಾಡ್ತಾರೇನೋ?" ಎಂದು ಅವರು ಎಲ್ಲರೆದುರು ಬೈದರು. ಪೆಟ್ಟಿಗೆ ಬಿಚ್ಚಿಸಿ, ಆ ಒಂದನ್ನು ತೆಗೆಸಿ, ಎಂಟನೆಯದನ್ನು ಹಾಕಿಸಿದರು. ನೀಲಕಂಠಪ್ಪನನ್ನು ಉಪಗ್ರಹದ ಕೆಲಸದಿಂದ ಬಿಡಿಸಿ ಗೇಟು, ಗ್ರಿಲ್ಲು ಮಾಡುವಲ್ಲಿಗೆ ಹಾಕಿದರು. ಅವನು ತನ್ನ ಸಾಮಾನಿನ ಡಬ್ಬಿ ಎತ್ತಿಕೊಂಡು ಆ ಕಡೆ ನಡೆದ.

ಒಂದೂವರೆ ವರ್ಷದ ಮೇಲೆ ಉಪಗ್ರಹದವರಿಂದ ಫೋನು ಬಂತು. ಆಂಟೆನಾ ಪೂರ್ತಿ ಬಿಚ್ಚಿಕೊಂಡಿತ್ತು. ಶೆಡ್ಡಿನ ತುಂಬ ಪೇಢೆ ಹಂಚಿದರು. ನಾನು ಗ್ರಿಲ್ಲಿನ ಕಡೆ ಹೋದಾಗ ನೀಲಕಂಠಪ್ಪ ತನ್ನ ಸಾಮಾನಿನ ಡಬ್ಬಿಯಿಂದ ಅಂದು ಪೆಟ್ಟಿಗೆಯಿಂದ ತೆಗೆಸಿದ್ದ ಆ ಬಿಜಾಗರಿಯನ್ನು ಹೊರಗೆ ತೆಗೆದಿದ್ದ. ಮಡಚಿ ಬಿಟ್ಟ. ಅದು ಟಕ್ಕನೆ ತೆರೆದುಕೊಂಡಿತು. ಅದರಲ್ಲಿ ಒಂದು ಕಣ ವಿಭೂತಿಯೂ ಇದ್ದಂತಿರಲಿಲ್ಲ.

"ಎಂಟರಾಗ ಇದೊಂದಕ್ಕ ಯಾಕ ಹಚ್ಚಿದ್ಯೋ?" ಎಂದೆ.

ಅವನು ಅದನ್ನು ಅಂಗಿಯ ತುದಿಯಿಂದ ಒರೆಸಿದ.

"ಎಲ್ಲಾದಕ್ಕಿಂತ ಇದು ಛಲೋ ಬಂದಿತ್ತಪಾ. ಅದಕ್ಕ."