ಸದ್ದು ಬಂದರೆ ಬರಲಿ, ಹೋದರೆ ಹೋಗಲಿ

ನಮ್ಮ ದೊಡ್ಡಮ್ಮನ ಬಾಯಿ ಮುಚ್ಚಿಸುವ ಗಂಡಸು ನಮ್ಮ ಮನೆತನದಲ್ಲಿ ಹುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಆಯಾ ಆಗಿ ತಲೆ ನೆರೆಸಿಕೊಂಡವಳು. ವಾರ್ಡಿನ ಆ ಮೂಲೆಯಲ್ಲಿ ಯಾರಾದರೂ ನರಳಿದರೆ ಈ ಮೂಲೆಯಿಂದ ಓಡುತ್ತಿದ್ದಳು. ಡಾಕ್ಟರು ತಡ ಮಾಡಿದರೆ ಅವರನ್ನೂ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ನಿವೃತ್ತಿಯಾದ ಮೇಲೆ ಬಿ.ಪಿ. ಏರಿತು. ಸಿಟ್ಟು ಕಡಿಮೆಯಾಗುತ್ತದೆ ಎಂದು ಯಾರೋ ಪುಣ್ಯಾತ್ಮರು ಅವಳನ್ನು ಆಲಿಸುವ ಗುಂಪಿಗೆ ಸೇರಿಸಿದರು.

ಪೇಟೆಯ ಒಂದು ಕಟ್ಟಡದ ಮೂರನೇ ಮಹಡಿಯ ಹಾಲಿನಲ್ಲಿ ಕಣ್ಣು ಮುಚ್ಚಿ ದುಂಡಗೆ ಕೂರುವುದು. ಫ್ಯಾನು, ಬೀದಿಯ ಹಾರ್ನು, ಪಕ್ಕದವರ ಉಸಿರು, ಎಲ್ಲವನ್ನೂ ಕೇಳಬೇಕು, ಯಾವುದರ ಬೆನ್ನೂ ಹತ್ತಬಾರದು. ಕೊನೆಗೆ ಏನೇನು ಕೇಳಿಸಿತೆಂದು ಒಬ್ಬೊಬ್ಬರೇ ಹೇಳಬೇಕು. ನಡೆಸುವವನನ್ನು ಎಲ್ಲರೂ ಗುರುಗಳೇ ಎನ್ನುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಆ ದನಿ ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನ ಅಮ್ಮ ದೊಡ್ಡಮ್ಮನ ತಂಗಿ, ಬಟ್ಟೆ ಹೊಲಿಯುವವಳು, ಉಬ್ಬಸದವಳು. "ನೀನೂ ಬಾರೇ, ಎದೆ ಹಗುರಾಗತ್ತೆ" ಎಂದು ದೊಡ್ಡಮ್ಮ ದುಂಬಾಲು ಬಿದ್ದಿದ್ದಳು. ಆ ಸಂಜೆ ಕೈಯಲ್ಲಿದ್ದ ಅಂಗಿಗೆ ಗುಂಡಿ ಹಾಕಿ ಹೊರಡುವಷ್ಟರಲ್ಲಿ ಅಮ್ಮನಿಗೆ ತಡವಾಯಿತು. ಗಡಿಬಿಡಿಯಲ್ಲಿ ಉಸಿರಿನ ಪಂಪು ಹೊಲಿಗೆ ಅಂಗಡಿಯಲ್ಲೇ ಉಳಿಯಿತು. ಎರಡನೇ ಮಹಡಿ ದಾಟುತ್ತಿದ್ದಂತೆ ಲಿಫ್ಟು ನಿಂತು ದೀಪ ಆರಿತು. ಒಳಗಿನ ಗಂಟೆ ಕೆಟ್ಟಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಅಮ್ಮ ಬಾಗಿಲು ಬಡಿಯತೊಡಗಿದಳು.

ಮೇಲೆ ಹಾಲಿನಲ್ಲಿ ಎಲ್ಲರಿಗೂ ಕೇಳಿಸಿತು. ಒಬ್ಬರೂ ಕಿವುಡರಲ್ಲ. ದೊಡ್ಡಮ್ಮ ಕಣ್ಣು ಬಿಟ್ಟು ಅರ್ಧ ಎದ್ದಳಂತೆ.

"ಕೂತ್ಕೊಳ್ಳಿ ಅಮ್ಮಾ. ಅದು ಬರೀ ಸದ್ದು. ಅದಕ್ಕೆ ಹೆಸರು ಕೊಡಬೇಡಿ. ಬಂದರೆ ಬರಲಿ, ಹೋದರೆ ಹೋಗಲಿ" ಎಂದನಂತೆ ಗುರು.

ದೊಡ್ಡಮ್ಮ ಕೂತಳು! ಜನ್ಮದಲ್ಲಿ ಯಾರ ಮಾತೂ ಕೇಳದವಳು ಅವತ್ತು ಕೇಳಿದಳು. ಬಡಿತ ನಿಧಾನವಾಯಿತು, ಬಿಟ್ಟು ಬಿಟ್ಟು ಬಂತು, ನಿಂತಿತು. ಆಮೇಲೆ ಹೇಳುವ ಸರದಿ. ಒಬ್ಬರಿಗೆ ಗಾಳಿ, ಒಬ್ಬರಿಗೆ ಕಾಗೆ. ಬ್ಯಾಂಕಿನ ಒಬ್ಬ ಮೇಡಂ ಕಣ್ಣೊರೆಸಿಕೊಳ್ಳುತ್ತಾ, "ಎಲ್ಲೋ ಒಂದು ಬಡಿತ. ನನ್ನ ಎದೆಯದೇ ಅನ್ನಿಸ್ತು. ಅದು ನಿಂತ ಮೇಲೆ ಎಂಥ ಶಾಂತಿ!" ಎಂದಳು.

"ನಿಮ್ಮ ಶಾಂತಿಗೆ ಬೆಂಕಿ ಹಾಕ! ಅಲ್ಲಿ ಯಾರೋ ಬಾಗಿಲು ಬಡೀತಿದ್ರು ಕಣ್ರೀ!"

ದೊಡ್ಡಮ್ಮ ಬರಿಗಾಲಲ್ಲಿ ಓಡಿದಳು. ಕಾವಲುಗಾರ ಸಲಾಕೆ ಹಾಕಿ ಬಾಗಿಲು ಮೀಟಿದಾಗ ಅಮ್ಮ ನೆಲಕ್ಕೆ ಒರಗಿದ್ದಳು, ತುಟಿ ನೀಲಿಗಟ್ಟಿತ್ತು.

ಅಮ್ಮ ಬದುಕಿದಳು. ಮರುದಿನ ಗುರು ಹಣ್ಣಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಬಂದ. "ಸಿಟ್ಟನ್ನೂ ಒಂದು ಸದ್ದಿನ ಹಾಗೆ ನೋಡಿ" ಎಂದ, ನಾಚಿಕೆಗೆಟ್ಟವನು. ದೊಡ್ಡಮ್ಮ ಆ ಬುಟ್ಟಿಯನ್ನು ಅವನ ಕಾಲ ಬುಡಕ್ಕೇ ಎಸೆದು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಅವನ ನೀರಿಳಿಸಿದಳು. ನಾನು ತಡೆಯಲಿಲ್ಲ. ನನಗೂ ಎರಡು ಮಾತು ಬಾಕಿ ಇದ್ದವು, ಅಂದುಬಿಟ್ಟೆ.

ಅವನು ಹೋದ ಮೇಲೆ ಅಮ್ಮ ಮಾಸ್ಕು ಸರಿಸಿ ಅಕ್ಕನ ಕೈ ಹಿಡಿದಳು. ಅವಳ ಬಡಿತ ಮೇಲೆ ಕೇಳಿಸಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಮ್ಮ ಬೈಗುಳದಲ್ಲೂ ಆ ಮಾತು ಬಂದಿರಲಿಲ್ಲ.

"ಯಾಕಕ್ಕಾ ಅವರಿಗೆ ಬೈತೀಯ? ನಿನ್ನೆ ಗುಂಪು ಸೇರಿರ್ಲಿಲ್ಲ ಅಲ್ವಾ? ತುಂಬಾ ಹೊತ್ತು ಬಡಿದೆ. ಮೇಲೆ ಯಾರೂ ಇಲ್ಲ ಅನ್ಕೊಂಡು ಬಿಟ್ಬಿಟ್ಟೆ. ನೀನಿದ್ದಿದ್ರೆ ಬರ್ದೇ ಇರ್ತಿದ್ಯಾ?"